ಕಾರಿನಲ್ಲಿ ಕೂಸಿಗೆ ಯಾವ ಸೀಟು, ಯಾವ ಕಡೆಗೆ ಮುಖ?

ಪ್ರಶ್ನೆ: ನನ್ನ ತವರು ಬಾಗಲಕೋಟೆ, ಗಂಡನ ಮನೆ ಬೆಳಗಾವಿ. ಬಾಣಂತನ ಮುಗಿಸಿಕೊಂಡು ಐದು ತಿಂಗಳ ಮಗಳೊಂದಿಗೆ ಬರುವ ತಿಂಗಳು ಬೆಳಗಾವಿಗೆ ಹೊರಡಬೇಕಾಗಿದೆ. ಮಗಳ ತೂಕ ಆರೂವರೆ ಕಿಲೊ. ಮೂರೂವರೆ ವರ್ಷದ ಮಗನೂ ಇದ್ದಾನೆ, ಅವನದು 14 ಕಿಲೊ. ನಮ್ಮದು 2016ರ ಸಣ್ಣ ಕಾರು. ಯಜಮಾನರು ಕಾರು ನಡೆಸುತ್ತಾರೆ, ಕರೆದೊಯ್ಯಲು ಅತ್ತೆಯವರೂ ಬರುತ್ತಾರೆ. ಕೂಸಿಗೊಂದು ಸೀಟು ಕೊಳ್ಳೋಣವೆಂದರೆ ಅಂಗಡಿಯವರು ಕ್ಯಾರಿ ಕಾಟ್ ಸಾಕು ಎನ್ನುತ್ತಾರೆ. ಆನ್‌ಲೈನಿನಲ್ಲಿ ನೋಡಿದರೆ ಸೊನ್ನೆಯಿಂದ 36 ಕಿಲೊವರೆಗೆ ಒಂದೇ ಸೀಟು ಸಾಕೆಂದು ಬರೆದಿರುತ್ತಾರೆ. ಪುಣೆಯಲ್ಲಿರುವ ನಾದಿನಿ ತಮ್ಮ ಮಗನ ಹಳೆಯ ಸೀಟು ಕೊಡುತ್ತೇನೆ ಎನ್ನುತ್ತಾರೆ. "ತಾಯಿಯ ತೊಡೆಗಿಂತ ಸುರಕ್ಷಿತವಾದ ಜಾಗ ಇನ್ನಾವುದಿದೆ" ಎಂಬುದು ಅತ್ತೆಯವರ ಮಾತು. ಇವುಗಳಲ್ಲಿ ಯಾವುದು ಸರಿ? ಬೆಳಗಾವಿಗೆ ಹೋದ ಮೇಲೆ ಕೂಸನ್ನು ಎದೆಚೀಲದಲ್ಲಿ ಕಟ್ಟಿಕೊಂಡು ಸ್ಕೂಟರಿನ ಮೇಲೆ ಹೋಗಬಹುದೇ?
— ಒಬ್ಬ ತಾಯಿ, ಬಾಗಲಕೋಟೆ

ಉತ್ತರ: ನಿಮ್ಮ ಮಗಳಿಗೆ ಸೊನ್ನೆಯಿಂದ 18 ಕಿಲೊವರೆಗಿನ, ಹಿಮ್ಮುಖವಾಗಿಯೂ ಮುಮ್ಮುಖವಾಗಿಯೂ ಕೂರಿಸಲು ಬರುವ, ಪ್ರಮಾಣೀಕೃತ ಸೀಟನ್ನು ಕೊಳ್ಳಿರಿ ಮತ್ತು ಅದನ್ನು ಹಿಂದಿನ ಸೀಟಿನ ಮೇಲೆ, ಕೂಸಿನ ಮುಖ ಕಾರಿನ ಹಿಂಭಾಗಕ್ಕೆ ಇರುವಂತೆ ಕಟ್ಟಿರಿ. ಮಗನಿಗೆ ಬೇರೆಯೇ ಸೀಟು ಬೇಕು. ಕ್ಯಾರಿ ಕಾಟ್ ಬೇಡ. ನಾದಿನಿಯವರ ಸೀಟಿನ ವಿಷಯದಲ್ಲಿ ಕೆಲವು ಸಂಗತಿಗಳನ್ನು ಕೇಳಿ ತಿಳಿದುಕೊಂಡ ಮೇಲೆ ಮಾತ್ರ ತೀರ್ಮಾನಿಸಬೇಕು. ಇಷ್ಟು ಹೇಳಿ ನಿಲ್ಲಿಸಿದರೆ ಅತ್ತೆಯವರ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಅವರ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದೂ ಇಲ್ಲ. ಮಕ್ಕಳನ್ನು ಹೆತ್ತು ಬೆಳೆಸಿದ ಹಿರಿಯರು ಕೂಸಿನ ಮೇಲಿನ ಅಕ್ಕರೆಯಿಂದಲೇ ಹಾಗೆ ಹೇಳುತ್ತಾರೆ. ಆದರೆ ಅವರು ಮಕ್ಕಳನ್ನು ಬೆಳೆಸಿದ ಕಾಲದ ರಸ್ತೆಗಳಲ್ಲಿ ಇಂದಿನ ವೇಗ ಇರಲಿಲ್ಲ.

ಗಂಟೆಗೆ 50 ಕಿಲೊಮೀಟರ್ ವೇಗದಲ್ಲಿ ಹೋಗುತ್ತಿರುವ ಕಾರು ಎದುರಿನ ವಾಹನಕ್ಕೆ ಬಡಿದು ನಿಂತಾಗ, ಅದರೊಳಗೆ ಕಟ್ಟಿಸಿಕೊಳ್ಳದೆ ಕುಳಿತಿರುವವರು ಅದೇ ವೇಗದಲ್ಲಿ ಮುಂದಕ್ಕೆ ಹೋಗುತ್ತಲೇ ಇರುತ್ತಾರೆ. ಸುಮಾರು ಹತ್ತು ಮೀಟರ್ ಎತ್ತರದಿಂದ, ಅಂದರೆ ಮೂರು ಅಂತಸ್ತಿನ ಮನೆಯ ಮಾಳಿಗೆಯಿಂದ ಬಿದ್ದವರು ನೆಲ ಮುಟ್ಟುವಾಗ ಇರುವ ವೇಗವೂ ಇಷ್ಟೇ. ಕಾರು ಅರ್ಧ ಮೀಟರಿನೊಳಗೆ ನಿಂತಿತೆಂದು ಇಟ್ಟುಕೊಂಡರೆ, ಆರೂವರೆ ಕಿಲೊ ತೂಗುವ ಕೂಸನ್ನು ಆ ಕ್ಷಣದಲ್ಲಿ ಹಿಡಿದಿಡಲು ತಾಯಿಯ ತೋಳುಗಳು ಒಂದು ಕ್ವಿಂಟಲಿಗೂ ಮಿಕ್ಕಿದ ಭಾರವನ್ನು ಎತ್ತಿ ಹಿಡಿಯುವಷ್ಟು ಬಲ ಹಾಕಬೇಕಾಗುತ್ತದೆ. ಅದೂ ಅಪಘಾತವಾಗುತ್ತಿದೆಯೆಂದು ಗೊತ್ತಾಗುವ ಮೊದಲೇ. ಎಷ್ಟೇ ಗಟ್ಟಿಯಾಗಿ ಅವಚಿಕೊಂಡರೂ ಯಾವ ತಾಯಿಯಿಂದಲೂ ಇದು ಆಗದು. ತಾಯಿಯೇ ಬೆಲ್ಟ್ ಹಾಕಿಕೊಂಡಿರದಿದ್ದರೆ ಮುಂದಿನ ಸೀಟಿನ ಬೆನ್ನಿಗೂ ತಾಯಿಯ ಮೈಗೂ ನಡುವೆ ಕೂಸು ಸಿಕ್ಕಿಕೊಳ್ಳುತ್ತದೆ. ಒಂದೇ ಬೆಲ್ಟನ್ನು ತಾಯಿ ಮತ್ತು ಕೂಸು ಇಬ್ಬರ ಮೇಲೂ ಹಾಯಿಸುವುದು ಇದಕ್ಕಿಂತ ಕೆಟ್ಟದ್ದು, ಏಕೆಂದರೆ ಆಗ ತಾಯಿಯ ಮೈಭಾರವೆಲ್ಲ ಬೆಲ್ಟಿನೊಡನೆ ಸೇರಿ ಕೂಸಿನ ಹೊಟ್ಟೆಯನ್ನು ಒತ್ತುತ್ತದೆ. ಕಾನೂನೂ ಈ ವಿಷಯದಲ್ಲಿ ಸ್ಪಷ್ಟವಾಗಿದೆ: 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ಬಿ ಕಲಮಿನ ಪ್ರಕಾರ, 14 ವರ್ಷ ತುಂಬದ ಮಗುವನ್ನು ಬೆಲ್ಟಿನಿಂದಾಗಲಿ ಮಕ್ಕಳ ಸೀಟಿನಿಂದಾಗಲಿ ಭದ್ರಪಡಿಸದೆ ವಾಹನ ನಡೆಸಿದರೆ 1,000 ರೂಪಾಯಿ ದಂಡವಿದೆ. ದಂಡಕ್ಕೆ ಹೆದರಿ ಸೀಟು ಕೊಳ್ಳಿರಿ ಎಂದು ನಾನು ಹೇಳುತ್ತಿಲ್ಲ. ಇದು ಶ್ರೀಮಂತರ ಶೋಕಿಯೆಂಬ ಭಾವನೆ ನಮ್ಮ ಭಾಗದಲ್ಲಿ ಇನ್ನೂ ಇರುವುದರಿಂದ ಹೇಳಿದೆ.

ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳಬೇಕಾದದ್ದು ಸೀಟಿನ ದಿಕ್ಕಿನ ಬಗೆಗೆ. ಹುಟ್ಟಿದ ಕೂಸಿನ ತಲೆ ಅದರ ಮೈಯುದ್ದದ ಕಾಲು ಭಾಗದಷ್ಟಿರುತ್ತದೆ. ಬೆಳೆದವರಲ್ಲಿ ಅದು ಏಳರಲ್ಲೋ ಎಂಟರಲ್ಲೋ ಒಂದು ಭಾಗ ಮಾತ್ರ. ಇಷ್ಟು ಭಾರದ ತಲೆಯನ್ನು ಹೊತ್ತಿರುವ ಕತ್ತಿನ ಎಲುಬುಗಳು ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ, ಅವುಗಳ ನಡುವಿನ ಕಟ್ಟುಗಳೂ ಸಡಿಲವಾಗಿರುತ್ತವೆ. ಮುಂದಕ್ಕೆ ಮುಖ ಮಾಡಿ ಕುಳಿತ ಕೂಸಿನ ಕಾರು ಗಕ್ಕನೆ ನಿಂತರೆ ಬೆಲ್ಟು ಎದೆಯನ್ನು ತಡೆದು ನಿಲ್ಲಿಸುತ್ತದೆ, ತಲೆಯನ್ನಲ್ಲ. ತಲೆ ಮುಂದಕ್ಕೆ ಹಾರಿ ಕತ್ತನ್ನು ಎಳೆಯುತ್ತದೆ, ಕತ್ತಿನೊಳಗಿನ ಮಿದುಳುಬಳ್ಳಿಗೆ ಪೆಟ್ಟಾಗುತ್ತದೆ. ಅದೇ ಕೂಸು ಹಿಂದಕ್ಕೆ ಮುಖ ಮಾಡಿ ಕುಳಿತಿದ್ದರೆ ತಲೆ, ಕತ್ತು, ಬೆನ್ನು ಮೂರೂ ಒಟ್ಟಿಗೆ ಸೀಟಿನ ಬೆನ್ನಿಗೆ ಒರಗಿ, ಹೊಡೆತ ಇಡೀ ಬೆನ್ನಿಗೆ ಹಂಚಿಹೋಗುತ್ತದೆ. ಹುಟ್ಟಿದ ಕೂಸನ್ನು ಎತ್ತಿಕೊಳ್ಳುವಾಗ "ಕತ್ತಿನ ಹಿಂದೆ ಕೈ ಕೊಡು" ಎಂದು ಅತ್ತೆಯವರೇ ನಿಮಗೆ ಹಲವು ಸಲ ಹೇಳಿರಬೇಕು. ಹಿಮ್ಮುಖದ ಸೀಟು ಮಾಡುವ ಕೆಲಸವೂ ಆ ಕೈಯದೇ ಎಂದು ಅವರಿಗೆ ಹೇಳಿ ನೋಡಿರಿ. ನನಗೆ ತಿಳಿದಂತೆ ಹಿರಿಯರಿಗೆ ಈ ವಿವರಣೆ ಬೇಗ ಒಪ್ಪಿಗೆಯಾಗುತ್ತದೆ. ಈ ವಿಚಾರಕ್ಕೆ ಅರವತ್ತು ವರ್ಷಗಳ ಇತಿಹಾಸವಿದೆ. ಗಗನಯಾತ್ರಿಗಳು ಬೆನ್ನನ್ನು ಪೂರ್ತಿ ಆನಿಸಿ ಮಲಗಿದ ಭಂಗಿಯಲ್ಲಿ ಉಡಾವಣೆಯ ಒತ್ತಡವನ್ನು ತಾಳಿಕೊಳ್ಳುವುದನ್ನು ಕಂಡು, ಅದೇ ತತ್ವವನ್ನು ಮಕ್ಕಳ ಸೀಟಿಗೆ ಅಳವಡಿಸಿದವರು ಸ್ವೀಡನ್ನಿನ ವೈದ್ಯ ಬರ್ಟಿಲ್ ಆಲ್ಡ್‌ಮನ್. 1964ರಲ್ಲಿ ವೋಲ್ವೊ ಕಾರಿನಲ್ಲಿ ಅದರ ಮೊದಲ ಮಾದರಿಯ ಪರೀಕ್ಷೆ ನಡೆಯಿತು. ಆ ದೇಶದಲ್ಲಿ ಇಂದಿಗೂ ಮಕ್ಕಳು ನಾಲ್ಕು ವರ್ಷದ ಹತ್ತಿರಕ್ಕೆ ಬರುವವರೆಗೂ ಹಿಮ್ಮುಖವಾಗಿಯೇ ಕೂರುವುದು ರೂಢಿ.

ಹಿಮ್ಮುಖ ಎಂದಾಕ್ಷಣ ತಾಯಂದಿರು ಕೇಳುವುದು ಕಾಲಿನ ಬಗ್ಗೆ. ವರ್ಷ ದಾಟಿದ ಕೂಸಿನ ಕಾಲು ಹಿಂದಿನ ಸೀಟಿಗೆ ತಾಗಿ ಮಡಚಿಕೊಳ್ಳುತ್ತದೆ, ನಿಜ. ಅದರಿಂದ ತೊಂದರೆಯೇನೂ ಇಲ್ಲ, ಮಕ್ಕಳು ಚಕ್ಕಳಮಕ್ಕಳ ಹಾಕಿಕೊಂಡು ಹಾಯಾಗಿ ಕೂರುತ್ತವೆ. ತಿರುಗಿಸಬೇಕಾದ ಹೊತ್ತನ್ನು ಹೇಳುವುದು ಕಾಲಲ್ಲ, ತೂಕ ಮತ್ತು ತಲೆ: ಹಿಮ್ಮುಖಕ್ಕೆ ಸೀಟಿನ ಮೇಲೆ ಬರೆದಿರುವ ತೂಕದ ಮಿತಿ ಮುಗಿದಾಗ, ಇಲ್ಲವೆ ನೆತ್ತಿ ಸೀಟಿನ ಮೇಲಂಚಿಗೆ ಬಂದಾಗ, ಯಾವುದು ಮೊದಲೋ ಆಗ. ಆರ್-44 ಎಂಬ ಹಳೆಯ ಯುರೋಪಿನ ಮಾನದಂಡದ ಸೀಟುಗಳ ಮೇಲೆ 9 ಕಿಲೊದಿಂದ ಮುಮ್ಮುಖವಾಗಿ ಕೂರಿಸಬಹುದೆಂದು ಬರೆದಿರುತ್ತದೆ. ಒಂಬತ್ತು ತಿಂಗಳಿಗೇ 9 ಕಿಲೊ ತೂಗುವ ಗುಂಡುಗುಂಡಾದ ಕೂಸುಗಳೂ ಇರುತ್ತವೆ, ಆದರೆ ತೂಕ ಬಂದ ಮಾತ್ರಕ್ಕೆ ಕತ್ತಿನ ಎಲುಬು ಬಲಿಯುವುದಿಲ್ಲ. ಆರ್-129 ಎಂಬ ಹೊಸ ಮಾನದಂಡವು 15 ತಿಂಗಳು ತುಂಬುವ ಮೊದಲು ತಿರುಗಿಸುವಂತಿಲ್ಲ ಎನ್ನುತ್ತದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2018ರಿಂದ, ಸೀಟಿನ ಮಿತಿ ಮುಗಿಯುವವರೆಗೂ ಹಿಮ್ಮುಖವಾಗಿಯೇ ಇರಲಿ ಎಂದು ಹೇಳುತ್ತ ಬಂದಿದೆ. ನನ್ನ ಸಲಹೆಯೂ ಅದೇ. "ಎಲ್ಲರೂ ತಿರುಗಿಸಿದ್ದಾರೆ" ಎಂಬ ಕಾರಣಕ್ಕೆ ಒಂದು ತಿಂಗಳು ಮೊದಲು ಕೂಡ ತಿರುಗಿಸಬೇಡಿರಿ.

ಹಿಮ್ಮುಖದ ಸೀಟನ್ನು ಚಾಲಕರ ಪಕ್ಕದ ಮುಂದಿನ ಸೀಟಿನಲ್ಲಿ ಎಂದಿಗೂ ಕಟ್ಟಬಾರದು. ಏರ್‌ಬ್ಯಾಗ್ ಬಿಚ್ಚಿಕೊಳ್ಳುವ ರಭಸಕ್ಕೆ ಕೂಸಿನ ಸೀಟಿನ ಬೆನ್ನಿಗೆ, ಅಂದರೆ ಕೂಸಿನ ತಲೆಗೆ ಬೀಳುವ ಪೆಟ್ಟು ಜೀವಕ್ಕೇ ಎರವಾಗುತ್ತದೆ. 2022ರಿಂದ ಈಚೆಗೆ ತಯಾರಾದ ಕಾರುಗಳಲ್ಲೆಲ್ಲ ಆ ಸೀಟಿಗೆ ಏರ್‌ಬ್ಯಾಗ್ ಇರುತ್ತದೆ; ನಿಮ್ಮ 2016ರ ಕಾರಿನಲ್ಲಿ ಇರದಿದ್ದರೂ ಹಿಂದಿನ ಸೀಟೇ ಮೇಲು.

ಇನ್ನು ಯಾವ ಸೀಟು ಎಂಬ ಮಾತು. ಮೊದಲು ಬೆಲೆಯನ್ನಲ್ಲ, ಸೀಟಿನ ಮೈಗೆ ಅಂಟಿಸಿರುವ ಚೀಟಿಯನ್ನು ನೋಡಿರಿ. ಭಾರತದ ಮಾನದಂಡಕ್ಕೆ ಎಐಎಸ್-072 ಎಂದು ಹೆಸರು. ಯುರೋಪಿನ ಕಡೆಯ ಸೀಟುಗಳ ಮೇಲೆ ಕಿತ್ತಳೆ ಬಣ್ಣದ ಚೀಟಿಯಲ್ಲಿ ವೃತ್ತದೊಳಗೆ ಇಂಗ್ಲಿಷಿನ 'ಇ' ಅಕ್ಷರವೂ ಒಂದು ಅಂಕಿಯೂ ಇದ್ದು, ಆರ್-44 ಅಥವಾ ಆರ್-129 ಎಂದು ನಮೂದಾಗಿರುತ್ತದೆ. ಆರ್-44 ಹಳೆಯದು, ಮಗುವಿನ ತೂಕದ ಮೇಲೆ ಸೀಟುಗಳನ್ನು ವಿಂಗಡಿಸುತ್ತದೆ. ಆರ್-129 ಹೊಸದು, ಮಗುವಿನ ಎತ್ತರದ ಮೇಲೆ ವಿಂಗಡಿಸುತ್ತದೆ ಮತ್ತು ಪಕ್ಕದಿಂದ ಬೀಳುವ ಹೊಡೆತದ ಪರೀಕ್ಷೆಯನ್ನೂ ಕಡ್ಡಾಯ ಮಾಡಿದೆ. ಹಣಕ್ಕೆ ಅನುಕೂಲವಿದ್ದರೆ ಹೊಸದನ್ನೇ ಆರಿಸಿರಿ. ಇಲ್ಲದಿದ್ದರೆ ಆರ್-44 ಅಥವಾ ಎಐಎಸ್-072 ಚೀಟಿಯ ಸೀಟನ್ನು ಸರಿಯಾಗಿ ಕಟ್ಟಿ ಬಳಸುವುದರಲ್ಲಿ ಸಂಕೋಚಪಡಬೇಕಾಗಿಲ್ಲ. ಇವುಗಳಲ್ಲಿ ಯಾವುದೂ ಬರೆದಿರದ ಸೀಟು ಎಷ್ಟೇ ಮೆತ್ತಗಿದ್ದರೂ ಮನೆಯೊಳಗೆ ಕೂರಿಸಲು ಮಾತ್ರ ಯೋಗ್ಯ. ಅಂಗಡಿಯವರು ತೋರಿಸಿದ ಕ್ಯಾರಿ ಕಾಟ್‌ಗಳಲ್ಲಿ ಬಹುಪಾಲು ಈ ಗುಂಪಿನವು: ಹಿಡಿಕೆಯಿರುವ ತೊಟ್ಟಿಲಿನಂಥ ಅವು ಕೂಸನ್ನು ಎತ್ತಿಕೊಂಡು ಹೋಗಲು ಅನುಕೂಲ, ಆದರೆ ಕಾರಿನ ಬೆಲ್ಟನ್ನು ಹಾಯಿಸಲು ಸರಿಯಾದ ದಾರಿಯಾಗಲಿ, ಹೊಡೆತವನ್ನು ತಾಳುವ ಬೆನ್ನಾಗಲಿ ಅವುಗಳಲ್ಲಿ ಇರುವುದಿಲ್ಲ.

ಸೊನ್ನೆಯಿಂದ 36 ಕಿಲೊವರೆಗಿನ ಸೀಟಿನ ಬಗೆಗೆ ನನಗೆ ಅನುಮಾನವಿದೆ. ಹುಟ್ಟಿದ ಕೂಸಿನಿಂದ ಹನ್ನೆರಡು ವರ್ಷದ ಹುಡುಗನವರೆಗೆ ಎಲ್ಲರಿಗೂ ಹೊಂದಬೇಕಾದ ಸೀಟು ದೊಡ್ಡದೂ ಭಾರವಾದದ್ದೂ ಆಗಿ, ಸಣ್ಣ ಕಾರಿನಲ್ಲಿ ಹಿಮ್ಮುಖವಾಗಿ ಕಟ್ಟಿದಾಗ ಸಾಕಷ್ಟು ಒರಗದೆ, ಐದು ತಿಂಗಳ ಕೂಸಿನ ತಲೆ ಎದೆಯ ಮೇಲೆ ಬಾಗುವ ಸಂಭವವಿರುತ್ತದೆ. ಗದ್ದ ಎದೆಗೆ ಒತ್ತಿಕೊಂಡರೆ ಎಳೆಯ ಕೂಸಿನ ಉಸಿರಿನ ದಾರಿ ಕಿರಿದಾಗುತ್ತದೆ. ಸೊನ್ನೆಯಿಂದ 18 ಕಿಲೊವರೆಗಿನ ಸೀಟುಗಳಲ್ಲಿ ಸಾಮಾನ್ಯವಾಗಿ 13 ಕಿಲೊವರೆಗೆ ಹಿಮ್ಮುಖ, ಆಮೇಲೆ ಮುಮ್ಮುಖ; ಆದ್ದರಿಂದ ನಿಮ್ಮ ಮಗಳಿಗೆ ಅದು ಹಲವು ವರ್ಷ ಸಾಕಾಗುತ್ತದೆ. ಈ ವಯಸ್ಸಿಗೆ ಬಂದ ಮೇಲೆ, ಬೇಗನೆ ಚಿಕ್ಕದಾಗುವ ಬುಟ್ಟಿಯಂಥ ಸೀಟಿಗೆ ಬೇರೆ ಹಣ ಹಾಕುವುದು ಅನಗತ್ಯ. ಖರ್ಚಿನ ಚಿಂತೆಯಿದ್ದರೆ ಒಂದು ಮಾತು: ತೊಟ್ಟಿಲಿಗೆ ಹಾಕುವ ದಿನ ಬೆಳ್ಳಿಯ ಉಡಿದಾರ, ಕಡಗ ತರುವ ಬಂಧುಗಳಿಗೆ, ಎಲ್ಲರೂ ಸೇರಿ ಒಂದು ಸೀಟು ಕೊಡಿಸಿರಿ ಎಂದು ಕೇಳುವುದರಲ್ಲಿ ತಪ್ಪಿಲ್ಲ. ನಿಮ್ಮ ಮನೆಯಲ್ಲಿ ಆ ಕಾರ್ಯ ಮುಗಿದಿರಬಹುದು, ಆದರೆ ಇದನ್ನು ಓದುತ್ತಿರುವ ಬಸುರಿಯರಿಗೆ ಉಪಯೋಗವಾದೀತು.

ಮಗನ ವಿಷಯ ಬೇರೆ. ಅವನಿಗೆ 14 ಕಿಲೊ ಇರುವುದರಿಂದ, ಐದು ಕಡೆಯಿಂದ ಕಟ್ಟುವ ಒಳಬೆಲ್ಟು ಇರುವ ಮುಮ್ಮುಖದ ಸೀಟು ಬೇಕು. 9ರಿಂದ 36 ಕಿಲೊವರೆಗಿನ ಸೀಟುಗಳು ಇಲ್ಲಿ ನಿಜವಾಗಿಯೂ ಲಾಭದಾಯಕ: 18 ಕಿಲೊವರೆಗೆ ಒಳಬೆಲ್ಟು, ಅನಂತರ ಅದೇ ಸೀಟು ಬೂಸ್ಟರಾಗಿ, ಅಂದರೆ ಮಗುವನ್ನು ಎತ್ತರಕ್ಕೆ ಕೂರಿಸುವ ಸೀಟಾಗಿ, ಕಾರಿನ ಬೆಲ್ಟನ್ನೇ ಸರಿಯಾದ ಜಾಗಕ್ಕೆ ತಂದು ಕೊಡುತ್ತದೆ. ಈಗಲೇ ಬೂಸ್ಟರ್ ಮೇಲೆ ಕೂರಿಸಬೇಡಿರಿ. ಮೂರೂವರೆ ವರ್ಷದ ಹುಡುಗ ಒಂದು ಗಂಟೆ ಬೆಲ್ಟಿನೊಳಗೆ ನೆಟ್ಟಗೆ ಕೂರುವವನಲ್ಲ, ನಿದ್ದೆ ಬಂದರೆ ಪಕ್ಕಕ್ಕೆ ಜಾರುತ್ತಾನೆ. ಮುಂದೆ ಬೂಸ್ಟರಿಗೆ ಬಂದಾಗ ಬೆಲ್ಟಿನ ಕೆಳಭಾಗ ಹೊಟ್ಟೆಯ ಮೇಲಲ್ಲ, ಸೊಂಟದ ಎಲುಬಿನ ಮೇಲೆ ತೊಡೆಗೆ ತಾಗಿ ಇರಬೇಕು, ಮೇಲ್ಭಾಗ ಕುತ್ತಿಗೆಯನ್ನು ಕೊರೆಯದೆ ಹೆಗಲಿನ ನಡುವೆ ಹಾಯ್ದುಹೋಗಬೇಕು. ಹಾಗೆ ತಾನಾಗಿಯೇ ಕೂರುವಷ್ಟು ಎತ್ತರ ಬರುವವರೆಗೆ, ಅಂದರೆ ಸುಮಾರು 135ರಿಂದ 150 ಸೆಂಟಿಮೀಟರಿನವರೆಗೆ, ಬೂಸ್ಟರ್ ಬೇಕು.

ನಾದಿನಿಯವರ ಸೀಟಿನ ಬಗ್ಗೆ ಅವರನ್ನು ನೇರವಾಗಿ ಕೇಳಿರಿ: ಆ ಸೀಟು ಇದ್ದ ಕಾರಿಗೆ ಎಂದಾದರೂ ಅಪಘಾತವಾಗಿತ್ತೇ? ಮಗು ಅದರಲ್ಲಿ ಕುಳಿತಿರದಿದ್ದರೂ, ಕಣ್ಣಿಗೆ ಬಿರುಕು ಕಾಣದಿದ್ದರೂ, ಒಮ್ಮೆ ದೊಡ್ಡ ಹೊಡೆತ ತಿಂದ ಸೀಟನ್ನು ಬಳಸಬಾರದು. ಸೀಟಿನ ತಳದಲ್ಲಿ ತಯಾರಾದ ವರ್ಷ ಅಚ್ಚಾಗಿರುತ್ತದೆ. ಬಿಸಿಲಿನಲ್ಲಿ ನಿಲ್ಲುವ ಕಾರಿನೊಳಗೆ ವರ್ಷಗಟ್ಟಲೆ ಇದ್ದ ಪ್ಲಾಸ್ಟಿಕ್ ಪೆಡಸಾಗುವುದರಿಂದ, ತಯಾರಕರು ಬರೆದಿರುವ ಅವಧಿ ಮೀರಿದ್ದರೆ ಬೇಡ. ಬಳಕೆಯ ಪುಸ್ತಕ, ಎಲ್ಲ ಬೆಲ್ಟುಗಳು, ಎಳೆಯ ಕೂಸಿಗೆ ಹಾಕುವ ಒಳದಿಂಬು ಜೊತೆಗಿರಬೇಕು. ಒಡಹುಟ್ಟಿದವರಿಂದ ಬಂದ ಸೀಟಿನ ಚರಿತ್ರೆಯನ್ನು ಹೀಗೆ ಕೇಳಿ ತಿಳಿಯಬಹುದು. ಗುರುತಿಲ್ಲದವರಿಂದ ಹಳೆಯ ಸೀಟು ಕೊಳ್ಳಲೇಬೇಡಿರಿ.

ಒಳ್ಳೆಯ ಸೀಟು ತಂದು ಸಡಿಲವಾಗಿ ಕಟ್ಟಿದರೆ ಕೊಟ್ಟ ಹಣವೆಲ್ಲ ವ್ಯರ್ಥ. ಹೊರಡುವ ದಿನ ಬೆಳಿಗ್ಗೆ ಗಡಿಬಿಡಿಯಲ್ಲಿ ಕಟ್ಟಬೇಡಿರಿ. ಸೀಟು ಬಂದ ದಿನವೇ, ಹಿಂದಿರುಗಿಸುವ ಅವಧಿ ಮುಗಿಯುವ ಮೊದಲು, ಯಜಮಾನರು ಕಾರಿನಲ್ಲಿ ಕಟ್ಟಿ ನೋಡಲಿ. ಹಿಂದಿನ ಸೀಟಿನ ಬೆನ್ನೂ ಕೂರುವ ಭಾಗವೂ ಸೇರುವ ಸಂದಿಯಲ್ಲಿ ಬೆರಳು ಹಾಕಿದಾಗ ಎರಡು ಕಬ್ಬಿಣದ ಕೊಂಡಿಗಳು ಸಿಕ್ಕರೆ ಅವೇ ಐಸೋಫಿಕ್ಸ್. ಅದಕ್ಕೆ ಹೊಂದುವ ಸೀಟು ತಂದರೆ ಕಟ್ಟುವಾಗ ತಪ್ಪಾಗುವುದು ಕಡಿಮೆ. ಕೊಂಡಿಗಳಿಲ್ಲದಿದ್ದರೆ ಕಾರಿನ ಬೆಲ್ಟಿನಿಂದ ಕಟ್ಟಬೇಕು. ಆರ್-44 ಸೀಟಿನಲ್ಲಿ ಹಿಮ್ಮುಖಕ್ಕೆ ಬೆಲ್ಟು ಹಾಯಬೇಕಾದ ದಾರಿಗೆ ನೀಲಿ ಗುರುತು, ಮುಮ್ಮುಖಕ್ಕೆ ಕೆಂಪು ಗುರುತು ಇರುತ್ತದೆ. ಸಣ್ಣ ಕಾರುಗಳಲ್ಲಿ ಹಿಮ್ಮುಖದ ಸೀಟನ್ನು ಸುತ್ತಿ ಬರಲು ಬೆಲ್ಟೇ ಗಿಡ್ಡವಾಗುವುದುಂಟು, ಅದಕ್ಕಾಗಿಯೇ ಮೊದಲ ದಿನವೇ ಕಟ್ಟಿ ನೋಡಿರಿ ಎಂದದ್ದು. ಬೆಲ್ಟು ಹಾಯಿಸಿ ಬಕಲ್ ಹಾಕಿದ ಮೇಲೆ ಒಂದು ಕೈಯಿಂದ ಮಕ್ಕಳ ಸೀಟನ್ನು ಮೈಭಾರ ಹಾಕಿ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಬೆಲ್ಟಿನ ಸಡಿಲವನ್ನೆಲ್ಲ ಎಳೆದುಕೊಂಡು, ಸೀಟಿನಲ್ಲಿ ಬೆಲ್ಟನ್ನು ಹಿಡಿದಿಡುವ ಕ್ಲಿಪ್ಪಿದ್ದರೆ ಅದನ್ನು ಹಾಕಿರಿ. ಅನಂತರ ಬೆಲ್ಟು ಹಾಯ್ದ ಜಾಗದಲ್ಲಿಯೇ ಸೀಟನ್ನು ಹಿಡಿದು ಅಲುಗಾಡಿಸಿರಿ. ಒಂದು ಅಂಗುಲಕ್ಕಿಂತ ಹೆಚ್ಚು ಸರಿದರೆ ಬಿಚ್ಚಿ ಮತ್ತೆ ಕಟ್ಟಬೇಕು.

ಕೂಸನ್ನು ಕೂರಿಸಿದಾಗ ಬೆನ್ನಿನ ಕೆಳಗೆ ಜಾಗ ಉಳಿಯದಂತೆ ಪೂರ್ತಿ ಒಳಕ್ಕೆ ಸರಿಸಿರಿ. ಹೆಗಲಿನ ಬೆಲ್ಟು ಹೊರಡುವ ಕಂಡಿ, ಹಿಮ್ಮುಖವಾಗಿ ಕೂತ ಮಗಳಿಗೆ ಹೆಗಲಿನ ಮಟ್ಟದಲ್ಲಿ ಅಥವಾ ಸ್ವಲ್ಪ ಕೆಳಗೆ ಇರಬೇಕು; ಮುಮ್ಮುಖವಾಗಿ ಕೂತ ಮಗನಿಗೆ ಹೆಗಲಿನ ಮಟ್ಟದಲ್ಲಿ ಅಥವಾ ಸ್ವಲ್ಪ ಮೇಲೆ ಇರಬೇಕು. ಬೆಲ್ಟು ಬಿಗಿ ಮಾಡಿದ ಮೇಲೆ ಹೆಗಲ ಹತ್ತಿರ ಹೆಬ್ಬೆರಳು, ತೋರುಬೆರಳುಗಳಿಂದ ಚಿವುಟಿ ನೋಡಿರಿ: ಬೆಲ್ಟಿನ ಪಟ್ಟಿ ಬೆರಳಿಗೆ ಸಿಕ್ಕಿ ಮಡಿಕೆಯಾದರೆ ಇನ್ನೂ ಸಡಿಲವಿದೆ ಎಂದರ್ಥ. ನಮ್ಮಲ್ಲಿ ಕೂಸನ್ನು ಹೊರಗೆ ಒಯ್ಯುವಾಗ ಕುಲಾಯಿ ಹಾಕಿ, ಕೌದಿಯಲ್ಲಿ ಸುತ್ತಿ ಒಯ್ಯುವ ಪದ್ಧತಿ. ಸೀಟಿನಲ್ಲಿ ಕೌದಿ ಸುತ್ತಿದ ಕೂಸನ್ನು ಕಟ್ಟಬಾರದು. ದಪ್ಪ ಬಟ್ಟೆಯ ಮೇಲೆ ಬಿಗಿಯಾಗಿ ಕಂಡ ಬೆಲ್ಟು, ಹೊಡೆತ ಬಿದ್ದಾಗ ಬಟ್ಟೆ ಅಮುಕಿಕೊಂಡು ಸಡಿಲವಾಗಿ, ಕೂಸು ಹೊರಕ್ಕೆ ಜಾರುತ್ತದೆ. ತೆಳುವಾದ ಅಂಗಿಯಲ್ಲಿ ಕೂರಿಸಿ, ಬೆಲ್ಟು ಹಾಕಿ, ಥಂಡಿಯಿದ್ದರೆ ಅದರ ಮೇಲೆ ಕೌದಿ ಹೊದಿಸಿರಿ. ಕೊರಳಿನಲ್ಲಿ ತಾಯಿತದ ದಾರವಿದ್ದರೆ ಪ್ರಯಾಣಕ್ಕೆ ತೆಗೆದಿಡಿರಿ. ಬೇಸಿಗೆಯಲ್ಲಿ, ನಮ್ಮ ಕಡೆ 40 ಡಿಗ್ರಿ ದಾಟುವ ದಿನಗಳಲ್ಲಿ, ಬಕಲಿನ ಲೋಹ ಚರ್ಮ ಸುಡುವಷ್ಟು ಕಾಯ್ದಿರುತ್ತದೆ. ನಿಂತ ಕಾರಿನಲ್ಲಿ ಸೀಟಿನ ಮೇಲೆ ಬಿಳಿ ಬಟ್ಟೆ ಮುಚ್ಚಿ, ಕೂರಿಸುವ ಮೊದಲು ಕೈಯಿಂದ ಮುಟ್ಟಿ ನೋಡಿರಿ. ನಿಂತ ಕಾರಿನಲ್ಲಿ ಮಕ್ಕಳನ್ನು ಐದು ನಿಮಿಷವೂ ಬಿಟ್ಟು ಹೋಗಬೇಡಿರಿ.

ಐದು ಜನರ ಜಾಗದ ಲೆಕ್ಕ ಹೀಗೆ ಮಾಡಿರಿ. ಮಗಳ ಸೀಟು ಹಿಂದೆ ಎಡಗಡೆ, ಏಕೆಂದರೆ ಕೂಸನ್ನು ಇಳಿಸುವಾಗ ನೀವು ರಸ್ತೆಯ ಅಂಚಿನ ಕಡೆ ನಿಲ್ಲುತ್ತೀರಿ. ಮಗನ ಸೀಟು ಬಲಗಡೆ. ಅತ್ತೆಯವರು ಮುಂದೆ, ಬೆಲ್ಟು ಹಾಕಿಕೊಂಡು. ನೀವು ಹಿಂದೆ ನಡುವೆ, ಅಲ್ಲಿರುವ ಬೆಲ್ಟನ್ನು ಹಾಕಿಕೊಂಡು. ಎರಡು ಸೀಟುಗಳ ನಡುವೆ ನಿಮಗೆ ಜಾಗ ಸಾಲದಿದ್ದರೆ ನೀವು ಮುಂದೆ ಕುಳಿತು, ಅತ್ತೆಯವರನ್ನು ಬಸ್ಸಿನಲ್ಲೋ ಬೇರೆ ಗಾಡಿಯಲ್ಲೋ ಬರಮಾಡಿಕೊಳ್ಳುವುದು ಒಳ್ಳೆಯದು. ಹೇಳಲು ಕಷ್ಟವಾದ ಮಾತೆಂದು ನನಗೆ ಗೊತ್ತು. ಆದರೆ ಬೆಲ್ಟಿಲ್ಲದೆ ನಡುವೆ ತುರುಕಿಕೊಂಡು ಕುಳಿತ ದೊಡ್ಡವರು ಅಪಘಾತದಲ್ಲಿ ಪಕ್ಕದ ಮಕ್ಕಳ ಮೇಲೆಯೇ ಬೀಳುತ್ತಾರೆ.

ಲೋಕಾಪುರ, ಯರಗಟ್ಟಿ ದಾರಿಯಲ್ಲಿ ಬೆಳಗಾವಿ ಮುಟ್ಟಲು ಮೂರು ಗಂಟೆಯಾದರೂ ಬೇಕು. ಐದು ತಿಂಗಳ ಕೂಸು ಒರಗಿದ ಸೀಟಿನಲ್ಲಿ ಒಂದೇ ಸಮನೆ ಅಷ್ಟು ಹೊತ್ತು ಇರಬಾರದು. ಗಂಟೆ, ಒಂದೂವರೆ ಗಂಟೆಗೊಮ್ಮೆ ಕಾರು ನಿಲ್ಲಿಸಿ, ಎತ್ತಿಕೊಂಡು, ಹಾಲು ಕುಡಿಸಿ, ಮೈ ಚಾಚಲು ಬಿಟ್ಟು ಮುಂದೆ ಹೊರಡಿರಿ. ಓಡುವ ಕಾರಿನಲ್ಲಿ ಹಾಲು ಕುಡಿಸಲು ಬೆಲ್ಟು ಬಿಚ್ಚಬೇಡಿರಿ, ಕೂಸು ಎಷ್ಟೇ ಅತ್ತರೂ. ತಲೆ ವಾಲುತ್ತದೆಂದು ಹಣೆಗೆ ಬಟ್ಟೆ ಕಟ್ಟುವುದಾಗಲಿ, ತಲೆಯ ಹಿಂದೆ ದಿಂಬು ಇಡುವುದಾಗಲಿ ಬೇಡ. ತಲೆ ವಾಲುತ್ತಿದ್ದರೆ ಸೀಟು ಸಾಕಷ್ಟು ಒರಗಿಲ್ಲ ಎಂದರ್ಥ. ಮನೆ ಮುಟ್ಟಿದ ಮೇಲೆ ನಿದ್ದೆ ಕೆಡುತ್ತದೆಂದು ಸೀಟಿನಲ್ಲೇ ಮಲಗಲು ಬಿಡದೆ ಸಮತಟ್ಟಾದ ಹಾಸಿಗೆಗೆ ಬದಲಿಸಿರಿ. ಕಬ್ಬು ಸಾಗಿಸುವ ಹಂಗಾಮಿನಲ್ಲಿ ಹೊರಡುವುದಾದರೆ ಕತ್ತಲಾಗುವ ಮೊದಲೇ ಬೆಳಗಾವಿ ಸೇರುವಂತೆ ನೋಡಿಕೊಳ್ಳಿರಿ. ಹಿಂದೆ ದೀಪವಿಲ್ಲದ ಎರಡೆರಡು ಟ್ರಾಲಿಗಳ ಟ್ರ್ಯಾಕ್ಟರುಗಳು ಆ ರಸ್ತೆಗಳಲ್ಲಿ ಎಷ್ಟು ಹತ್ತಿರ ಬಂದ ಮೇಲೆ ಕಾಣುತ್ತವೆಂಬುದು ನಿಮಗೂ ಗೊತ್ತು.

ಮುಂದೆ ಕಾರು ಬದಲಿಸುವ ವಿಚಾರವಿದ್ದರೆ, 2023ರ ಅಕ್ಟೋಬರಿನಲ್ಲಿ ಆರಂಭವಾದ ಭಾರತ್ ಎನ್‌ಕ್ಯಾಪ್ ಎಂಬ, ಕಾರನ್ನು ಡಿಕ್ಕಿ ಹೊಡೆಸಿ ನೋಡುವ ಸುರಕ್ಷತಾ ಪರೀಕ್ಷೆಯಲ್ಲಿ ಮಕ್ಕಳ ಸುರಕ್ಷತೆಗೆಂದೇ 49ಕ್ಕೆ ಅಂಕ ಕೊಡುತ್ತಾರೆ, ಅದನ್ನು ನೋಡಿ ಆರಿಸಿರಿ.

ಸ್ಕೂಟರಿನ ಪ್ರಶ್ನೆಗೆ ನನ್ನ ಉತ್ತರ: ಐದು ತಿಂಗಳ ಕೂಸನ್ನು ಸ್ಕೂಟರಿನ ಮೇಲೆ ಒಯ್ಯಬೇಡಿರಿ. 2022ರ ಫೆಬ್ರುವರಿಯಲ್ಲಿ ಪ್ರಕಟವಾಗಿ ಒಂದು ವರ್ಷದ ನಂತರ ಜಾರಿಗೆ ಬಂದ ಕೇಂದ್ರದ ನಿಯಮವು ಒಂಬತ್ತು ತಿಂಗಳಿಂದ ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಹೆಲ್ಮೆಟ್ ಕಡ್ಡಾಯ ಮಾಡಿದೆ. ನಾಲ್ಕು ವರ್ಷದೊಳಗಿನ ಮಗುವನ್ನು ಸವಾರರಿಗೆ ಕಟ್ಟುವ ಸುರಕ್ಷಾ ಪಟ್ಟಿ ಇರಬೇಕು, ವೇಗ ಗಂಟೆಗೆ 40 ಕಿಲೊಮೀಟರ್ ಮೀರಬಾರದು ಎನ್ನುತ್ತದೆ. ಒಂಬತ್ತು ತಿಂಗಳೊಳಗಿನ ಕೂಸಿನ ಕತ್ತು ಹೆಲ್ಮೆಟಿನ ಭಾರವನ್ನೂ ತಾಳದು, ಹೆಲ್ಮೆಟಿಲ್ಲದೆ ಬಿದ್ದರೆ ತಲೆಬುರುಡೆಯೂ ತಾಳದು. ಎದೆಚೀಲವು ನಡೆದಾಡುವಾಗ ಕೂಸನ್ನು ಹೊರಲು ಮಾಡಿದ್ದು. ಬಿದ್ದಾಗ ಕೂಸು ನಿಮಗೂ ಹ್ಯಾಂಡಲಿಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಮಗನನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಹೋಗುವ ಅಭ್ಯಾಸವಿದ್ದರೆ ಅದನ್ನೂ ಇಂದೇ ಬಿಡಿರಿ. ಅವನ ತಲೆಗೆ ಸರಿಹೊಂದುವ ಹೆಲ್ಮೆಟನ್ನು ಅಂಗಡಿಗೆ ಅವನನ್ನೇ ಕರೆದೊಯ್ದು ಹಾಕಿ ನೋಡಿ ಕೊಳ್ಳಿರಿ, ಸುರಕ್ಷಾ ಪಟ್ಟಿಯಿಂದ ಕಟ್ಟಿ ಹಿಂದೆ ಕೂರಿಸಿಕೊಳ್ಳಿರಿ. ಲಸಿಕೆಗೋ ಆಸ್ಪತ್ರೆಗೋ ಕೂಸನ್ನು ಒಯ್ಯಬೇಕಾದ ದಿನ ಬಾಡಿಗೆ ಕಾರು ತರಿಸಿದರೆ, ನಿಮ್ಮ ಸೀಟನ್ನು ಬಿಚ್ಚಿ ಅದರಲ್ಲಿ ಕಟ್ಟಿಕೊಂಡು ಹೋಗಬಹುದು. ಬೆಲ್ಟಿನಿಂದ ಕಟ್ಟುವುದನ್ನು ಒಮ್ಮೆ ಕಲಿತವರಿಗೆ ಅದು ಐದು ನಿಮಿಷದ ಕೆಲಸ.